ಪಾಲಿಗೆ ಕೂತವರು

ಪುಸ್ತಕ ಎಂದ ಕೂಡಲೇ ನನ್ನ ಮೂಗಿಗೆ ಬರುವುದು ಕಾಗದದ ವಾಸನೆಯಲ್ಲ, ಕಾದ ಕುಸುಬಿ ಎಣ್ಣೆಗೆ ಅರಿಶಿನ ಹಾಕಿದ ವಾಸನೆ. ಓಣಿಯ ಯಾವ ಮನೆಯಿಂದಲಾದರೂ ಆ ವಾಸನೆ ಎದ್ದಿತೆಂದರೆ ಇವತ್ತು ಅಲ್ಲಿ ಏನೋ ಓದುತ್ತಾರೆ ಎಂದು ಮಕ್ಕಳಿಗೂ ತಿಳಿಯುತ್ತಿತ್ತು. ನಾವು ಆಟ ಬಿಟ್ಟು ಓಡುತ್ತಿದ್ದೆವು. ಕಟ್ಟೆಯ ಮೇಲೆ ಚಾಪೆ, ನಡುವೆ ಓದುವವರು, ಅವರ ಮಗ್ಗುಲಲ್ಲಿ ಎಣ್ಣೆಯ ಬಟ್ಟಲು ಮತ್ತು ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳು. ಕಥೆಯಲ್ಲಿ ಯಾರಿಗಾದರೂ ಪೆಟ್ಟು ಬಿದ್ದರೆ ನಮ್ಮ ಊರಿನಲ್ಲಿ ಅದು ಓದಿದವರ ಮೈಮೇಲೂ ಬೀಳುತ್ತಿತ್ತು. ಜೊತೆಗೆ ಕೇಳುವವರಿದ್ದರೆ ಎಲ್ಲರಿಗೂ ಹಂಚಿ ಬೀಳುತ್ತಿತ್ತು. ಹಾಗಾಗಿ ಯಾರೂ ಒಬ್ಬರೇ ಓದುತ್ತಿರಲಿಲ್ಲ. ಕೇಳಲು ಹೋಗುವುದಕ್ಕೆ ನಮ್ಮಲ್ಲಿ ಪಾಲಿಗೆ ಕೂಡ್ರುವುದು ಎನ್ನುತ್ತಿದ್ದರು.

ಕಥೆಯ ರಾಜಕುಮಾರನ ತೋಳು ತುಂಡಾದರೆ ಕಟ್ಟೆಯ ಮೇಲೆ ಕೂತ ಅಷ್ಟೂ ಜನರ ತೋಳಿನಲ್ಲಿ ಇರುವೆ ಕಚ್ಚಿದಂತಾಗುತ್ತಿತ್ತು. ಎಲ್ಲರೂ ಒಟ್ಟಿಗೆ ತೋಳು ಉಜ್ಜಿಕೊಂಡು ನಗುತ್ತಿದ್ದರು. ಬಸುರಿ ಹೆಂಗಸರನ್ನೂ ಜ್ವರದಿಂದ ಎದ್ದವರನ್ನೂ ಯಾರೂ ಕರೆಯುತ್ತಿರಲಿಲ್ಲ. ತಾವಾಗಿಯೇ ಬಂದರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಸ್ವಲ್ಪ ನೋಡು ಎಂದು ಏನಾದರೊಂದು ನೆಪ ಹೇಳಿ ಒಳಗೆ ಕಳಿಸುತ್ತಿದ್ದರು. ಅಲ್ಲಿ ಹಾಲು ಇರುತ್ತಿರಲಿಲ್ಲ, ಹೋದವರಿಗೂ ಅದು ಗೊತ್ತಿರುತ್ತಿತ್ತು. ವರನನ್ನು ನೋಡಲು ಹೋದವರು ಹೊಲ ಮನೆಯ ಮಾತು ಮುಗಿದ ಮೇಲೆ, "ಹುಡುಗ ಪಾಲಿಗೆ ಕೂಡ್ರತಾನೇನ್ರೀ?" ಎಂದು ಕೇಳುವ ರೂಢಿಯಿತ್ತು. ನನ್ನ ಸೋದರಮಾವನ ಬಗ್ಗೆ ಹಾಗೆ ಕೇಳಿದಾಗ ನಮ್ಮಜ್ಜಿ, "ಕೂಡ್ರತಾನ, ಆದ್ರ ಯುದ್ಧ ಬಂತಂದ್ರ, ಪಾಲು ಬೆನ್ನ ಬಿಡೂದಿಲ್ಲಂತ ಗೊತ್ತಿದ್ರೂ, ನೀರ ಕುಡ್ಯಾಕ ಎದ್ದು ಹೋಗ್ತಾನ" ಎಂದುಬಿಟ್ಟಳಂತೆ. ಆ ಸಂಬಂಧ ಕೂಡಿಬರಲಿಲ್ಲ.

ಹಳೆಯ ಕಥೆಗಳಿಗೆ ಯಾರೂ ಅಂಜುತ್ತಿರಲಿಲ್ಲ. ತಲೆತಲಾಂತರದಿಂದ ಕೇಳಿ ಕೇಳಿ ಅವು ಹೊಳೆಯ ಕಲ್ಲಿನ ಹಾಗೆ ನುಣುಪಾಗಿದ್ದವು. ಅಲ್ಲದೆ ಆ ಕಥೆಗಳಲ್ಲಿ ಬಲಿಯಾದವರು ಕೊನೆಗೆ ಏಳುತ್ತಿದ್ದರು. ತಂದೆ ಮಗನನ್ನು ಕಡಿದ ಎಂದು ಓದಿದಾಗ ಕುತ್ತಿಗೆ ಚುರುಗುಟ್ಟುತ್ತಿತ್ತು. ಸ್ವಲ್ಪ ತಡೆದರೆ ದೇವರು ಪ್ರತ್ಯಕ್ಷನಾಗಿ ಮಗನನ್ನು ಎಬ್ಬಿಸುತ್ತಿದ್ದ, ಮಂಗಳ ಹಾಡುವ ಹೊತ್ತಿಗೆ ನಮ್ಮ ಕುತ್ತಿಗೆಯೂ ತಣ್ಣಗಾಗಿರುತ್ತಿತ್ತು. ಎಷ್ಟೋ ಸಲ ಬಟ್ಟಲಿನ ಎಣ್ಣೆ ಮುಟ್ಟದೆ ಹಾಗೇ ಉಳಿಯುತ್ತಿತ್ತು.

ಕಾಲೇಜು ಬಂದ ಮೇಲೆ ಹೊಸ ಪುಸ್ತಕಗಳು ಬಂದವು. ಅವುಗಳಲ್ಲಿ ಸತ್ತವರು ಏಳುತ್ತಿರಲಿಲ್ಲ. ದೇವರು ಬರುವುದಿರಲಿ, ಅಳುವವರೂ ಬರುತ್ತಿರಲಿಲ್ಲ. ಪುಸ್ತಕ ಮುಚ್ಚಿದ ಮೇಲೂ ಗಾಯ ತೆರೆದೇ ಇರುತ್ತಿತ್ತು. ಅವುಗಳನ್ನು ಕಲಿಸಲು ಪರ ಊರಿನಿಂದ ಜಂಬಗಿ ಸರ್ ಎನ್ನುವವರು ಬಂದರು. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಏನನ್ನೋ ಮರೆತವರ ಹಾಗೆ ಇದ್ದರು. ಮೊದಲ ದಿನ ಅವರು ಪುಸ್ತಕ ತೆರೆಯುತ್ತಲೇ ಹುಡುಗರೆಲ್ಲ ಎದ್ದು ಬೆಂಚುಗಳನ್ನು ಹತ್ತಿರ ಎಳೆದುಕೊಂಡು ಒತ್ತಾಗಿ ಕೂತರು. ತಮ್ಮ ಪಾಠದ ಮೇಲೆ ಇಷ್ಟು ಪ್ರೀತಿಯೇ ಎಂದು ಸರ್ ಹಿಗ್ಗಿದರು. ಎರಡನೆಯ ಪುಟದಲ್ಲಿ ಕಥೆಯ ಗಂಡ ಹೆಂಡತಿಗೆ ಬಾರಿಸಿದ. ಸರ್ ತಮ್ಮ ಕೆನ್ನೆ ಹಿಡಿದುಕೊಂಡು ಇಡೀ ತರಗತಿಯನ್ನು ನೋಡಿದರು. ಎಲ್ಲರೂ ಕೆನ್ನೆ ಹಿಡಿದುಕೊಂಡಿದ್ದರು. ಅಂದಿನಿಂದ ಅವರು ಹಾಜರಿ ತೆಗೆದುಕೊಳ್ಳುವ ರೀತಿಯೇ ಬೇರೆಯಾಯಿತು. ಒಬ್ಬ ಹುಡುಗ ಬಂದಿಲ್ಲವೆಂದರೆ ಕಿಟಕಿಯಿಂದ ಇಣುಕಿ ದಾರಿ ನೋಡುತ್ತಿದ್ದರು.

ಕೊನೆಯ ವರ್ಷ ನಾನು ಅವರ ವಿಶೇಷ ಪತ್ರಿಕೆಯನ್ನು ಆರಿಸಿಕೊಂಡೆ. ಹೊಸ ಸಾಹಿತ್ಯದಲ್ಲಿ ಹಿಂಸೆ ಮತ್ತು ಬಲಿ ಎಂಬುದು ಅದರ ವಿಷಯ. ಉಳಿದವರೆಲ್ಲ ಛಂದಸ್ಸು ತೆಗೆದುಕೊಂಡರು, ಅದರಲ್ಲಿ ಯಾರೂ ಸಾಯುವುದಿಲ್ಲ ಎಂದು. ಈ ಹೊಸ ಲೇಖಕರು ಗಾಯವನ್ನು ಯಾಕೆ ಹಾಗೆ ತೆರೆದಿಟ್ಟು ಹೋಗುತ್ತಾರೆ ಎಂದು ನನಗೆ ತಿಳಿಯಬೇಕಿತ್ತು. ಅದನ್ನು ತಿಳಿದು, ಮುಂದೆ ಅದನ್ನೇ ಕಲಿಸಬೇಕೆಂಬ ಆಸೆಯೂ ಇತ್ತು. ನಮ್ಮ ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು ಇಬ್ಬರೇ. ಅವ್ವ ಕೌದಿ ಹೊಲಿಯುತ್ತಿದ್ದಳು. ಅವಳಿಗೆ ದಮ್ಮಿತ್ತು, ನಾಲ್ಕು ಕೊಡ ನೀರು ಹೊತ್ತರೆ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಆದರೂ ಆ ವರ್ಷವೆಲ್ಲ ನನ್ನ ಪುಸ್ತಕಗಳ ಪಾಲಿಗೆ ಮೊದಲು ಕೂತವಳು ಅವಳೇ. ಅವಳ ಹಿಂದೆ ಓಣಿಯವರು ಬರುತ್ತಿದ್ದರು.

ಪತ್ರಿಕೆಗೆ ಇಟ್ಟಿದ್ದ ಕೊನೆಯ ಪುಸ್ತಕ ಒಂದು ಸಣ್ಣ ಕಾದಂಬರಿ. ಅದು ನಮ್ಮ ಕೈಗೆ ಬಂದದ್ದೇ ಸೋಮವಾರದ ಪರೀಕ್ಷೆಗೆ ನಡುವೆ ಒಂದೇ ದಿನ ಇರುವಾಗ, ಶನಿವಾರದ ಟಪಾಲಿನಲ್ಲಿ. ಹುಡುಗರೆಲ್ಲ ಓದುವ ರಜೆಗೆಂದು ತಮ್ಮ ತಮ್ಮ ಹಳ್ಳಿಗೆ ಹೋಗಿದ್ದರು. ಸರ್ ಅದನ್ನು ಪರ ಊರಿನಲ್ಲಿ ಓದಿದ್ದವರು. ಅಲ್ಲಿ ಅದನ್ನು ಓದಿದರೆ ನಿದ್ದೆ ಮಾತ್ರ ಹೋಗುತ್ತದಂತೆ. ಅವರು ಪುಸ್ತಕವನ್ನು ನನ್ನ ಕೈಗೆ ಕೊಡದೆ, ತಾವೇ ಹಿಡಿದುಕೊಂಡು ನಮ್ಮ ಹೊಸ್ತಿಲಲ್ಲಿ ನಿಂತು ಕಥೆ ಹೇಳಿದರು. ಒಂದು ಸೇತುವೆಯ ಕಂಬ ನಿಲ್ಲುವುದಿಲ್ಲ. ಓದಿದ ಎಂಜಿನಿಯರು, ಯಾವುದನ್ನೂ ನಂಬದವನು, ಕೊನೆಗೆ ತನ್ನ ಮನೆಯ ಅಡಿಗೆಯ ಹುಡುಗಿಯನ್ನು ಬಲಿಗೆ ಒಪ್ಪಿಸುತ್ತಾನೆ. ಅವಳ ಬಾಯಿಗೆ ಸುಣ್ಣದ ಗಾರೆ ತುಂಬಿ ಕಂಬದೊಳಗೆ ನಿಲ್ಲಿಸುತ್ತಾರೆ. ಮರುದಿನ ಎಂಜಿನಿಯರಿಗೆ ಚಹಾ ತಣ್ಣಗಿದೆ ಎಂದು ಸಿಟ್ಟು ಬರುತ್ತದೆ. ಅಷ್ಟೇ.

"ಇಷ್ಟ ಗೊತ್ತಾದ್ರ ಸಾಕಲ್ರೀ ಸರ, ಬರ್ಯಾಕ?" ಎಂದಳು ಅವ್ವ.

"ಸಾರಾಂಶಕ್ಕ ನೋವಿಲ್ಲ ತಾಯಿ," ಎಂದರು ಸರ್. "ನೋವಿಲ್ಲಂದ್ರ ಅದು ಈ ಪುಸ್ತಕನೇ ಅಲ್ಲ. ಆ ಚಹಾದ ಮಾತು ಬರೂತನಕ ಆತ ಹೆಂಗ ಕರಕೊಂಡು ಹೋಗ್ತಾನ ಅನ್ನೂದರಾಗ ಎಲ್ಲಾ ಐತಿ. ಬ್ಯಾಡ ಅಂದ್ರ ಬ್ಯಾಡ. ಮುಂದಿನ ವರ್ಷ ಛಂದಸ್ಸು ತಗೊಂಡು ಮತ್ತ ಕೂಡ್ರಲಿ."

ಅವ್ವ ನನ್ನ ಮುಖ ನೋಡಿದಳು. ನಾನು ಸರ್ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದೆ. ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಸೆರಗು ಹೊದ್ದು, ಮನೆಮನೆಗೆ ಹೋದಳು. ನಾಳೆ ರವಿವಾರ ಮಧ್ಯಾಹ್ನ ನನ್ನ ಮಗಳು ಇಂದೂನ ಪುಸ್ತಕ, ಸಾವು ಐತಿ, ಧ್ವನಿ ಹೋಗೂ ಪುಸ್ತಕ, ನೋಡಿ ಬರ್ರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಇಡೀ ಓಣಿ ಬರುತ್ತೇನೆ ಎಂದಿತು. ಓಣಿಗೆ ಓಣಿಯೇ ಕೂತರೆ ಒಂದು ಸಾವು ಎರಡು ದಿನದ ಗಂಟಲು ನೋವಿಗೆ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಒಬ್ಬಳಿಗೆ ಮಾತ್ರ ಅವ್ವ ಹೇಳಲಿಲ್ಲ. ಅವಳು ಕಾಯಿಪಲ್ಲೆ ಮಾರುವ ಫಕೀರವ್ವ. "ಆಕಿ ಧ್ವನಿನೇ ಆಕಿ ಅಂಗಡಿ" ಎಂದಳು. ಅದು ಸುಳ್ಳಲ್ಲ. ಫಕೀರವ್ವ ಓಣಿಯ ತುದಿಯಲ್ಲಿ ನಿಂತು ಮೆಂತ್ಯ, ಪುಂಡಿ, ರಾಜಗಿರಿ ಎಂದು ಕೂಗಿದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುವವರೂ ಎದ್ದು ಬರುತ್ತಿದ್ದರು.

ರವಿವಾರ ಮಧ್ಯಾಹ್ನ ಎಣ್ಣೆ ಕಾಯಿಸಿಟ್ಟು ಕಟ್ಟೆಯ ಮೇಲೆ ಕೂತೆವು. ಅವ್ವ, ಜಂಬಗಿ ಸರ್, ಎದುರು ಮನೆಯ ಬಡಿಗ ಅಡಿವೆಪ್ಪ ಕಾಕಾ, ಹಿಟ್ಟಿನ ಗಿರಣಿಯ ಇಮಾಮಸಾಬ ಮಾಮಾ. "ಗಿರಣಿ ಗದ್ದಲದಾಗ ನನ್ನ ಧ್ವನಿ ಯಾರಿಗ ಬೇಕಾಗೇತಿ? ಪೂರಾ ಹೋದ್ರೂ ಗಿರಾಕಿಗೆ ಗೊತ್ತಾಗೂದಿಲ್ಲ" ಎಂದು ನಗುತ್ತ ಇಮಾಮಸಾಬ ಮಾಮಾ ಹೆಗಲ ಮೇಲಿನ ಹಿಟ್ಟು ಕೊಡವಿದ. ಉಳಿದವರು ಇನ್ನೂ ಬಂದಿರಲಿಲ್ಲ. "ಬರ್ತಾರ ಬರ್ತಾರ, ನೀ ಓದಾಕ ಹಚ್ಚವಾ. ಮೊದಲಿಗೆ ಏನೂ ಇರೂದಿಲ್ಲ, ಬರೇ ಸೇತುವಿ ಅಳತಿ ಇರ್ತದ" ಎಂದ ಅಡಿವೆಪ್ಪ ಕಾಕಾ. ನಾನು ಓದತೊಡಗಿದೆ. ಓದಲು ಹಿಡಿದ ಪುಸ್ತಕವನ್ನು ಕೂತಲ್ಲೇ, ಹೊತ್ತು ಮುಳುಗುವುದರೊಳಗೆ ಮುಗಿಸಬೇಕಿತ್ತು. ನಡುವೆ ಬಿಟ್ಟು ಎದ್ದರೆ ಉಳಿದದ್ದೆಲ್ಲ ಓದುತ್ತಿದ್ದವರ ಮೇಲೆಯೇ ಬೀಳುತ್ತಿತ್ತು.

ನಿಜಕ್ಕೂ ಮೊದಲಿಗೆ ಅಳತೆಯೇ ಇತ್ತು. ಮರಳು, ಸುಣ್ಣ, ಹೊಳೆಯ ಸೆಳವು. ಆ ಹುಡುಗಿ ಚಹಾ ತಂದಿಟ್ಟು ಹೋಗುತ್ತಿದ್ದಳು, ಅಷ್ಟೇ. ಅರ್ಧ ಪುಸ್ತಕ ಮುಗಿದರೂ ಓಣಿ ಖಾಲಿಯಾಗಿಯೇ ಇತ್ತು. ಅವ್ವ ಮತ್ತೆ ಮತ್ತೆ ಕತ್ತು ಚಾಚಿ ನೋಡಿದಳು.

"ಅಡಿವೆಪ್ಪಣ್ಣಾ, ನೀಲವ್ವ ಎಲ್ಲದಾಳ?"

ಕಾಕಾ ಮೀಸೆ ತಿರುವಿದ. "ಆಕಿ ಭಜನಾ ಹಾಡಾಕಿ, ಧ್ವನಿ ಕೆಡ್ತದಂತ ನಾನ ಹೇಳೀನಿ, ಓದೂದು ಮುಂದ ಹೋಗೇತಿ, ಸಂತೀಗೆ ಹೋಗು ಅಂತ."

"ಅಯ್ಯ! ನಾನೂ ನಮ್ಮ ಹುಡುಗ್ರಿಗೆ ಹಂಗ ಹೇಳಿ ಕಳಿಸೀನಿ," ಎಂದ ಇಮಾಮಸಾಬ ಮಾಮಾ. "ನಾನೊಬ್ಬ ಕುಂತ್ರ ಸಾಕು ಅಂತ."

"ಮತ್ತ ನನಗೂ ಮುಂಜಾನೆ ಯಾರೋ ಮುಂದ ಹೋಗೇತಿ ಅಂದ್ರು," ಎಂದ ಅಡಿವೆಪ್ಪ ಕಾಕಾ. " ನಾ ಹುಟ್ಟಿಸಿದ ಸುಳ್ಳು ಓಣಿ ಸುತ್ತಿ ನನ್ನ ಮನೀಗೇ ಬಂದಿತ್ತು, ನಾನೂ ನಂಬಿಬಿಟ್ಟಿದ್ದೆ. ದಾರ್ಯಾಗ ಸರ ಸಿಕ್ಕಿದ್ದಕ್ಕ ಬಂದೆ ನೋಡು!"

ಆಗ ನಮಗೆಲ್ಲ ತಿಳಿಯಿತು. ಗಂಡಂದಿರು ಹೆಂಡಿರನ್ನು ಉಳಿಸಲು, ಹೆಂಡಿರು ಗಂಡಂದಿರನ್ನು ಉಳಿಸಲು, ಅಕ್ಕ ತಂಗಿಯನ್ನು, ಅತ್ತೆ ಸೊಸೆಯನ್ನು ಉಳಿಸಲು ಅದೊಂದೇ ಸುಳ್ಳು ಹೇಳಿದ್ದರು. ಪ್ರತಿಯೊಬ್ಬರೂ ತಾವೊಬ್ಬರೇ ಬರಬೇಕೆಂದಿದ್ದರು. ಕೊನೆಗೆ ಒಬ್ಬರಿಂದ ಒಬ್ಬರು ಕೇಳಿ ಎಲ್ಲರೂ ನಂಬಿ, ಊರಾಚೆಯ ಸಂತೆಗೆ ಹೋಗಿದ್ದರು. ಅಷ್ಟು ಪ್ರೀತಿ ಒಂದೇ ದಿನ ಒಂದೇ ಓಣಿಯಲ್ಲಿ ಹುಟ್ಟಿ, ನಮ್ಮ ಕಟ್ಟೆಯನ್ನು ಖಾಲಿ ಮಾಡಿಬಿಟ್ಟಿತ್ತು. ಈಗ ನೆನೆದರೆ ನಗು ಬರುತ್ತದೆ. ಅಂದು ಯಾರೂ ನಗಲಿಲ್ಲ. ನಾಲ್ಕೈದು ಜನರಿಗೆ ಒಂದು ಸಾವು ಹಂಚಿದರೆ ಗಟ್ಟಿಯಿದ್ದವರ ಧ್ವನಿ ಹೋಗುತ್ತದೆ, ಉಸಿರು ಕಡಿಮೆಯಿದ್ದವರ ಉಸಿರೇ ಹೋಗಬಹುದು. ನಾನು ಅವ್ವನನ್ನು ನೋಡಿದೆ. ಅವಳು ಎದ್ದು ಒಳಗೆ ಹೋಗಲೆಂದು ಎಷ್ಟೋ ಬೇಡಿಕೊಂಡೆ. "ಅರ್ಧ ಕೇಳೀನಿ. ಎದ್ದು ಹೋದ್ರೂ ನನ್ನ ಪಾಲು ನನ್ನ ಬೆನ್ನ ಹತ್ತತದ. ಓದು" ಎಂದಳು.

"ಹಂಗಾರ ನಾನ ನಿಲ್ಲಿಸ್ತೀನಿ. ಬಿದ್ರ ನನ್ನ ಮ್ಯಾಲ ಬೀಳಲಿ" ಎಂದು ನಾನು ಪುಸ್ತಕ ಮುಚ್ಚಲು ಹೋದೆ. ಅವ್ವ ಪುಟದ ನಡುವೆ ಕೈ ಇಟ್ಟಳು. ಮುಚ್ಚಲು ಬಿಡಲಿಲ್ಲ.

ಆಗ ಓಣಿಯ ತುದಿಯಲ್ಲಿ ಫಕೀರವ್ವ ಕಾಣಿಸಿದಳು. ತಲೆಯ ಮೇಲೆ ಬುಟ್ಟಿ, ಅರ್ಧ ಮಾರಿದ ಮೆಂತ್ಯದ ಸೂಡು, ಬೆವರು. ಸಂತೆಯಿಂದ ನಡೆದೇ ಬಂದಿದ್ದಳು. ಕಟ್ಟೆಯ ಮುಂದೆ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಓಣಿಗೆ ಓಣಿನ ಸಂತ್ಯಾಗ ಬದನಿಕಾಯಿ ಆರಸಾಕ ಹತ್ತೇತಿ! ಓದೂದು ಮುಂದ ಹೋಗೇತಿ ಅಂತಾರ. ಪರೀಕ್ಷಾ ನಾಳೆ ಅಂದ ಮ್ಯಾಲ ಓದೂದು ಹೆಂಗ ಮುಂದ ಹೋಗ್ತೈತಿ ಅಂತ ಒಬ್ಬರಿಗಾದ್ರೂ ಹೊಳೀಬ್ಯಾಡಾ? ಹೇಳಿ ಬಂದೀನಿ, ಬರ್ತಾರ, ಆದ್ರ ಬಂಡಿ ಹೂಡಿ ಬರೂದರಾಗ ಹೊತ್ತು ಮುಳಗತೈತಿ." ಆಮೇಲೆ ಅವ್ವನ ಕಡೆ ತಿರುಗಿದಳು. "ಎಲ್ಲಾರಿಗೂ ಹೇಳಿ ನನಗೊಬ್ಬಾಕಿಗೆ ಯಾಕ ಹೇಳಲಿಲ್ಲವಾ ನೀ? ನಾ ಏನ್ ಪರದೇಶಿ ಏನು?"

"ನಿನ್ನ ಧ್ವನಿ, ಫಕೀರಿ..." ಎಂದಳು ಅವ್ವ.

"ಮೂವತ್ತು ವರ್ಸ ಕೂಗೇನಿ. ಓಣಿಗೆ ಬ್ಯಾಸರ ಬಂದಿಲ್ಲೇನು? ಸರೀರಿ ಸರ, ಅತ್ತಾಗ" ಎಂದು ಅವಳು ಜಂಬಗಿ ಸರ್ ಅವರನ್ನು ಮೊಣಕೈಯಿಂದ ತಳ್ಳಿ ಚಾಪೆಯ ಮೇಲೆ ಕೂತಳು. "ಎಲ್ಲಿಗೆ ಬಂತು?"

ಕೊನೆಯ ಅಧ್ಯಾಯಕ್ಕೆ ಬಂದಿತ್ತು. ಇಂಥ ಜಾಗಕ್ಕೆ ಬಂದಾಗ ಓದು ನಿಲ್ಲಿಸಿ, ನೋವಾಗುವವರ ಹೆಸರೇನು ಎಂದು ಕೇಳುವುದು ನಮ್ಮ ಊರಿನ ವಾಡಿಕೆ. ಯಾಕೆಂದರೆ ನೋವು ಹೆಸರಿನ ಕಡೆಗೆ ವಾಲುತ್ತಿತ್ತು. ಅದೇ ಹೆಸರಿನವರು ಕಟ್ಟೆಯ ಮೇಲಿದ್ದರೆ ಅವರಿಗೇ ಬಹುಪಾಲು ಹೋಗುತ್ತಿತ್ತು. ಅಂಥವರನ್ನು ಆ ಭಾಗ ಓದುವ ಮೊದಲೇ ಮನೆಗೆ ಕಳಿಸುತ್ತಿದ್ದರು, ಆಗ ಅವರ ಬೆನ್ನು ಹತ್ತುವುದು ಎಲ್ಲರಷ್ಟೇ ಪಾಲು. ಹುಟ್ಟಿದ ಕೂಸಿಗೆ ಕಥೆಗಳಲ್ಲಿ ನೊಂದವರ ಹೆಸರು ಇಡುವ ಧೈರ್ಯವೂ ಯಾರಿಗೂ ಇರಲಿಲ್ಲ.

"ಹುಡುಗಿ ಹೆಸರೇನವಾ?" ಎಂದು ಅಡಿವೆಪ್ಪ ಕಾಕಾ ಕೇಳಿದ.

ನಾನು ಹಿಂದಿನ ಪುಟ ತಿರುವಿದೆ. ಸರ್ ತಲೆ ತಗ್ಗಿಸಿಕೊಂಡು ಹೇಳಿದರು, "ಹೆಸರಿಲ್ಲ. ಬರದಾತ ಇಟ್ಟಿಲ್ಲ."

"ಹೆಸರಿಲ್ಲದ ಹೆಂಗ? ಚಹಾ ತಾ ಅಂತ ಕರೀಬೇಕಾದ್ರ ಏನಂತಿದ್ದ ಆ ಎಂಜಿನಿಯರ?"

"'ಏ' ಅಂತಿದ್ದ," ಎಂದರು ಸರ್.

ಅವ್ವನ ಉಸಿರಿನ ಸಿಳ್ಳೆ ಮಾತ್ರ ಕೇಳುತ್ತಿತ್ತು. ಫಕೀರವ್ವ ಅದನ್ನು ಆಲಿಸುತ್ತಿದ್ದುದನ್ನು ನಾನು ಕಂಡೆ. ಕೌದಿಯ ಹೊಲಿಗೆ ನೋಡುವವಳ ಹಾಗೆ ತಲೆ ವಾರೆ ಮಾಡಿ ಆಲಿಸುತ್ತಿದ್ದಳು.

"ಆಕಿನ್ನ ಯಾರಾದ್ರೂ ಕೇಳಿದ್ರೇನು, ಕಂಬದಾಗ ನಿಲ್ತೀಯೇನವಾ ಅಂತ?" ಎಂದು ಕೇಳಿದಳು.

"ಇಲ್ಲ. ಯಾರೂ ಕೇಳಲಿಲ್ಲ," ಎಂದರು ಸರ್.

"ಪಾಪ," ಎಂದಳು ಫಕೀರವ್ವ. ಮೂಗು ಒರೆಸಿಕೊಂಡಳು. "ಹಂಗಾರ ಫಕೀರವ್ವ ಅನ್ನು. ಆಕಿ ಹೆಸರು ಫಕೀರವ್ವ."

ಅವ್ವ ಅವಳ ಬಾಯಿ ಮುಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಮಾತು ಹೊರಬಿದ್ದಿತ್ತು. ಹೇಳಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮ್ಮ ಊರಿನಲ್ಲಿ ದಾರಿಯಿರಲಿಲ್ಲ. "ಓದು ಇಂದೂ, ಹೊತ್ತು ಮುಳಗತೈತಿ. ನನ್ನ ಮೆಂತ್ಯ ಬಾಡತಾವು" ಎಂದಳು ಅವಳು. ಅದೇ ನಾನು ಕೇಳಿದ ಅವಳ ಕೊನೆಯ ಮಾತು.

ನಾನು ಓದಿದೆ. ನನ್ನ ಬಾಯಿಗೆ ಸುಣ್ಣದ ರುಚಿ ಬಂತು, ಗಂಟಲು ಒಣಗಿತು, ಆದರೆ ಓದುವಷ್ಟು ಧ್ವನಿ ಉಳಿದಿತ್ತು. ಅವ್ವ ಕೆಮ್ಮಿದಳು, ಮತ್ತೆ ಉಸಿರೆಳೆದುಕೊಂಡಳು. ಕಾಕಾನ ಕಣ್ಣಿನಲ್ಲಿ ನೀರು ಬಂತು. ಸರ್ ಫಕೀರವ್ವನ ಬೆನ್ನಿಗೆ ಅಂಗೈ ಒತ್ತಿ ಹಿಡಿದಿದ್ದರು. ಅವಳು ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಚಾಪೆಯ ಅಂಚು ಹಿಡಿದು ಕೂತಿದ್ದಳು. ಎಂಜಿನಿಯರು ಚಹಾ ತಣ್ಣಗಿದೆ ಎಂದ. ಪುಸ್ತಕ ಮುಗಿಯಿತು. ಇಮಾಮಸಾಬ ಮಾಮಾ ಎಣ್ಣೆಯ ಬಟ್ಟಲನ್ನು ತಾನೇ ಎತ್ತಿ ಅವಳ ಗಂಟಲಿಗೆ ಹಚ್ಚಿದ. ಅವಳು ಕಣ್ಣು ತೆರೆದಳು, ಬಾಯಿ ತೆರೆದಳು. ಏನೂ ಹೊರಡಲಿಲ್ಲ. ಒಂದು ಗಳಿಗೆ ಗಾಬರಿಯಾದಂತೆ ಕಂಡಳು. ಆಮೇಲೆ ಅವ್ವನ ಎದೆಯ ಮೇಲೆ ಕೈಯಿಟ್ಟು ನೋಡಿ, ತಲೆಯಾಡಿಸಿ, ತನ್ನ ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅವಳು ಓಣಿಯ ತುದಿಗೆ ಬಂದು ಎಂದಿನ ಜಾಗದಲ್ಲಿ ನಿಂತಳು. ಮೂವತ್ತು ವರ್ಷದ ರೂಢಿ, ಬಾಯಿ ತಾನಾಗಿ ತೆರೆಯಿತು. ಹಾಗೇ ನಿಂತಳು. ಆಗ ಎದುರು ಮನೆಯ ನೀಲವ್ವ ಕಾಕಿ, ಅಂಗಳ ಸಾರಿಸುತ್ತಿದ್ದವಳು, ಸಗಣಿಯ ಕೈಯಲ್ಲೇ ಎದ್ದು ನಿಂತು ಭಜನೆಯ ಧ್ವನಿಯಲ್ಲಿ ಕೂಗಿದಳು: "ಮೆಂತ್ಯ ಬಂತ್ರವಾ, ಪುಂಡಿ, ರಾಜಗಿರಿ!" ಅದನ್ನು ಕೇಳಿ ಪಕ್ಕದ ಮನೆಯವಳು ಕೂಗಿದಳು, ಅವಳಿಂದ ಮುಂದಿನ ಮನೆ. ಅಡಿವೆಪ್ಪ ಕಾಕಾ ಕಪ್ಪೆಯ ಹಾಗೆ ವಟಗುಟ್ಟಿದ, ಎಲ್ಲರೂ ನಕ್ಕರು. ಯಾರೂ ಯಾರೊಡನೆ ಮಾತಾಡಿಕೊಂಡದ್ದಲ್ಲ. ಕೂಗು ಅವಳಿಗಿಂತ ಮುಂದೆ ಓಣಿ ತಿರುಗಿ ಹೋಯಿತು, ಅವಳು ಬುಟ್ಟಿ ಹೊತ್ತು ಅದರ ಹಿಂದೆ ನಡೆದಳು. ಮುಂದೆ ಅವಳು ಇರುವ ತನಕವೂ ಹೀಗೇ ನಡೆಯಿತು. ಸಂತೆಗೆ ಹೋಗಿದ್ದ ತಪ್ಪಿಗೆ ಎಂದು ನೀಲವ್ವ ಕಾಕಿ ಯಾವಾಗಲೂ ಮೊದಲ ಕೂಗು ತನ್ನದೇ ಎಂದು ಹಟ ಹಿಡಿಯುತ್ತಿದ್ದಳು.

ನಾನು ಪರೀಕ್ಷೆಗೆ ಹೋದೆ. ಹೊಸ ಕಾದಂಬರಿಯ ಬಲಿಗೆ ಸಮಾಧಾನವಿಲ್ಲ, ಚರ್ಚಿಸಿ ಎಂದು ಕೇಳಿದ್ದರು. ಹಳೆಯವರು ದೇವರನ್ನು ಕರೆಸುತ್ತಿದ್ದ ಜಾಗವನ್ನು ಹೊಸಬರು ಖಾಲಿ ಬಿಟ್ಟರು, ಅಲ್ಲಿ ಯಾರು ಬಂದು ಕೂತುಕೊಳ್ಳಬೇಕು ಎಂದು ಓದುವವರನ್ನೇ ಕೇಳಿದರು ಎಂದು ನಾನು ಬರೆದೆ. ಪುಟಗಟ್ಟಲೆ ಬರೆದ ಮೇಲೆ ನೋಡಿಕೊಂಡರೆ ಎಲ್ಲ ಕಡೆಯೂ ಆ ಹುಡುಗಿಯನ್ನು ಫಕೀರವ್ವ ಎಂದೇ ಕರೆದಿದ್ದೆ. ಹೊಡೆದುಹಾಕಲು ಮನಸ್ಸಾಗಲಿಲ್ಲ. ಪರ ಊರಿನ ಪರೀಕ್ಷಕರು ಕಾದಂಬರಿಯಲ್ಲಿ ಈ ಹೆಸರಿಲ್ಲ ಎಂದು ಅಂಕ ಕಡಿದರಂತೆ. ಆದರೂ ಪಾಸಾದೆ, ಅದೇ ಕಾಲೇಜಿನಲ್ಲಿ ಅದೇ ಪತ್ರಿಕೆಯನ್ನು ನಿವೃತ್ತಿಯ ತನಕ ಕಲಿಸಿದೆ. ಅವ್ವ ಬಹಳ ವರ್ಷ ಬದುಕಿದಳು.

ಆ ಪರೀಕ್ಷೆಯ ದಿನ ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು. ಬೆಳಿಗ್ಗೆಯಿಂದ ಗಂಟಲಿಗೆ ಏನೂ ಇಳಿದಿರಲಿಲ್ಲ. ಕಾಲೇಜಿನ ಬೇವಿನ ಮರದ ಕೆಳಗೆ ಖಾಲಿ ಬುಟ್ಟಿಯ ಪಕ್ಕದಲ್ಲಿ ಫಕೀರವ್ವ ಕೂತಿದ್ದಳು. ನಾನು ಹೋಗಿ ಅವಳ ಮುಂದೆ ಕೂತೆ. ಏನೇನೋ ಹೇಳಬೇಕೆಂದುಕೊಂಡಿದ್ದೆ, ಕೂತ ಮೇಲೆ ಅಳು ಬಂತು. ಅವಳು ಅಳಲು ಬಿಟ್ಟಳು. ಆಮೇಲೆ ಮಡಿಲಲ್ಲಿದ್ದ ಅರಿವೆಯ ಗಂಟು ಬಿಚ್ಚಿ, ಎರಡು ಬಿಸಿ ರೊಟ್ಟಿಯ ನಡುವೆ ಮೆತ್ತಗೆ ಬೇಯಿಸಿದ ಬೇಳೆ ಹಚ್ಚಿ, ಗಂಟಲಿಗೆ ಒತ್ತದಿರಲೆಂದು ಅದನ್ನು ಸಣ್ಣ ಸಣ್ಣಗೆ ಮುರಿದು ನನ್ನ ಕೈಗೆ ಕೊಟ್ಟಳು.